ಕೆಂಪಾದ ಪೃಷ್ಠದ ಇಲಾಖಾ ಆರೈಕೆ

ಶಿಶುರಕ್ಷಣಾ ಇಲಾಖೆಯು ಕಾರಣವಿಲ್ಲದೆ ಯಾರ ಮಗುವನ್ನೂ ವಶಕ್ಕೆ ಪಡೆಯುವುದಿಲ್ಲ. ಈ ಪ್ರಕರಣದಲ್ಲಿ ಕಾರಣವು ಎಂಟು ತಿಂಗಳ ಹೆಣ್ಣುಮಗುವಿನ ಪೃಷ್ಠಭಾಗದಲ್ಲಿತ್ತು. ಡೈಪರಿನೊಳಗೆ ಚರ್ಮ ಕೆಂಪಾಗಿತ್ತು. ಇದು ನಿರ್ಲಕ್ಷ್ಯದ ಚಿಹ್ನೆ ಆಗಿರಬಹುದು ಎಂದು ತರಬೇತಿಯಲ್ಲಿ ಹೇಳಿದ್ದರು. 'ಆಗಿರಬಹುದು' ಎನ್ನುವ ಹೊತ್ತಿಗೆ ನಮ್ಮ ಸಾಹೇಬರು ಟೀ ಕುಡಿಯಲು ಹೋಗಿದ್ದರು.

ಮಗುವನ್ನು ಕಚೇರಿಯ ಹಿಂದಿನ ಕೋಣೆಯಲ್ಲಿಡಲಾಯಿತು. ತಾಯಿ ಬಾಗಿಲಲ್ಲೇ ನಿಂತಳು.

"ಸಾರ್, ಎರಡು ದಿನ ಭೇದಿಯಾಗಿತ್ತು, ಅದಕ್ಕೇ ಹಾಗಾಗಿದೆ. ಈಗಲೂ ಒದ್ದೆ ಮಾಡ್ಕೊಂಡಿದೆ. ಬದಲಾಯಿಸ್ಲಾ?"

"ಮುಟ್ಟಬೇಡಿ! ಅದು ಸಾಕ್ಷ್ಯ. ಡಾಕ್ಟರು ನೋಡೋವರೆಗೂ ಇದ್ದ ಹಾಗೇ ಇರ್ಬೇಕು," ಎಂದರು ಸಾಹೇಬರು.

ಸಾಕ್ಷ್ಯವು ಗಂಟಲು ಹರಿಯುವಂತೆ ಅತ್ತಿತು. ಡಾಕ್ಟರು ಬಂದದ್ದು ಸಂಜೆ. ಅಷ್ಟರಲ್ಲಿ ಕೆಂಪು ತೊಡೆಗೂ ಇಳಿದಿತ್ತು.

"ಒದ್ದೆಯಲ್ಲಿ ಬಿಟ್ರೆ ಯಾರ ಅಂಡಾದ್ರೂ ಹೀಗೇ ಆಗುತ್ತೆ ಕಣ್ರೀ. ಹೊಡೆದ ಗುರುತಿಲ್ಲ, ಮಗು ಮೈಕೈ ತುಂಬ್ಕೊಂಡಿದೆ. ಅಮ್ಮನ ಕೈಗೆ ಕೊಡಿ."

"ಬೆಳಿಗ್ಗೆಗಿಂತ ಜಾಸ್ತಿ ಆಗಿದೆಯೋ ಇಲ್ವೋ?"

"ಆಗೇ ಆಗಿರುತ್ತೆ."

"ನೋಡಿದ್ರಾ!" ಸಾಹೇಬರು ತಾಯಿಯ ಕಡೆ ತಿರುಗಿದರು. "ಬೆಳಿಗ್ಗೆಯಿಂದ ಇಲ್ಲೇ ನಿಂತಿದೀರಿ. ಒಂದ್ಸಲನಾದ್ರೂ ಬದಲಾಯಿಸಿದ್ರಾ?"

ಸಾಹೇಬರು ಕಡತದಲ್ಲಿ 'ತಾಯಿ ಬದಲಾಯಿಸಿಲ್ಲ' ಎಂದು ಬರೆದುಕೊಂಡರು.

ಹಾಗಾದರೆ ಬದಲಾಯಿಸುವವರು ಯಾರು ಎಂಬ ಪ್ರಶ್ನೆ ಎದ್ದಾಗ ಕಚೇರಿಯಲ್ಲಿ ಎಲ್ಲರಿಗೂ ತುರ್ತು ಕೆಲಸ ನೆನಪಾಯಿತು, ನನಗೂ. ಕೊನೆಗೆ ಒಬ್ಬ ತಾತ್ಕಾಲಿಕ ಆಯಾಳನ್ನು ನೇಮಿಸಲು ತೀರ್ಮಾನವಾಯಿತು. ಅನುಭವಸ್ಥರು ಬೇಕಿತ್ತು. ಬಾಗಿಲಲ್ಲಿ ಒಬ್ಬಳು ನಿಂತೇ ಇದ್ದಳು.

ಆಯಾ ಮಗುವನ್ನು ತೊಳೆದಳು, ಒರೆಸಿದಳು, ಕಿಟಕಿಯ ಬಳಿ ಬರಿಮೈಯಲ್ಲಿ ಆಡಲು ಬಿಟ್ಟಳು. ವಾರದೊಳಗೆ ಅಂಡು ಬೆಣ್ಣೆಯಂತಾಯಿತು. ಸಾಹೇಬರು ಹಿಗ್ಗಿ ಹೀರೇಕಾಯಿಯಾದರು.

"ಆರೈಕೆ ಅಂದ್ರೆ ಇದು! ತಾಯಿ ಕೈಗೆ ವಾಪಸ್ ಕೊಟ್ರೆ ಮತ್ತೆ ಹಾಳಾಗುತ್ತೆ."

"ಸಾರ್, ತಾಯಿ ನಾನೇ," ಎಂದಳು ಆಯಾ.

"ಗೊತ್ತಮ್ಮ. ಆಯಾ ಆಗಿ ನಿಮ್ಮ ಕೆಲಸ ಬಹಳ ಚೆನ್ನಾಗಿದೆ. ಅದನ್ನೂ ಇದನ್ನೂ ಕಲಸಬೇಡಿ."

ಈಗ ಎಲ್ಲವೂ ಕ್ರಮಬದ್ಧವಾಗಿದೆ. ವಾರವಿಡೀ ಆಯಾ ಮಗುವಿನ ಜೊತೆಗಿರುತ್ತಾಳೆ. ಭಾನುವಾರ ಆಯಾಗೆ ಕಡ್ಡಾಯ ರಜೆ, ಅಂದು ಅವಳು ಬರೀ ತಾಯಿ. ಮಗುವನ್ನು ಕಾವಲುಗಾರನಿಗೆ ಒಪ್ಪಿಸಿ ಗೇಟಿನಾಚೆ ಹೋಗಬೇಕು. ಮಗು ಅವಳತ್ತ ಕೈಚಾಚಿ ಅಳುತ್ತದೆ. ನನಗೂ ಕೇಳಿಸುತ್ತದೆ, ಆದರೆ ಅದು ನನ್ನ ವಿಭಾಗವಲ್ಲ. ಸೋಮವಾರ ಅಂಡು ಮತ್ತೆ ಕೆಂಪಾಗಿರುತ್ತದೆ.

ತಾಯಂದಿರ ಬೇಜವಾಬ್ದಾರಿಗೆ ಸಾಹೇಬರು ತರಬೇತಿಯಲ್ಲಿ ಈ ಸೋಮವಾರಗಳನ್ನೇ ಉದಾಹರಣೆಯಾಗಿ ಕೊಡುತ್ತಾರೆ. ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಆಯಾ ಕೂಡ ತಟ್ಟುತ್ತಾಳೆ. ತಟ್ಟದಿದ್ದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮಗು ನೋಡಲೂ ಸಿಗುವುದಿಲ್ಲ.