ಸಂಬಳವಿಲ್ಲದ ಒಂದು ಸಹಿ

ಬೆಳಿಗ್ಗೆ ಎಂಟೂ ಕಾಲಿಗೆ ಡ್ವೈಟ್ ಸೆಡ್ಲಾಕ್‌ನ ವಾರ್ಷಿಕ ಯೋಜನೆ ನೆಬ್ರಾಸ್ಕಾ ರಾಜ್ಯದ ಶಿಕ್ಷಣ ಕಚೇರಿಯಿಂದ ವಾಪಸ್ಸು ಬಂತು. ನಲವತ್ತಾರು ಪುಟದ ಯೋಜನೆ! ಎಲ್ಡರ್ ಫೋರ್ಕ್ ಶಾಲೆಯ ಪ್ರಿನ್ಸಿಪಾಲನಾದ ಅವನು ಇಡೀ ಬೇಸಿಗೆ ರಜೆಯನ್ನು ಅದಕ್ಕೆ ಧಾರೆ ಎರೆದಿದ್ದ. ಮೂರನೇ ತರಗತಿಯವರು ಓದುವುದರಲ್ಲಿ ಶೇಕಡಾ ಎಷ್ಟು ಮುಂದೆ ಬರಬೇಕು, ಐದನೆಯವರು ಲೆಕ್ಕದಲ್ಲಿ ಎಷ್ಟು, ಯಾವ ತಿಂಗಳು ಯಾವ ಪರೀಕ್ಷೆ, ಎಲ್ಲಕ್ಕೂ ಬಣ್ಣಬಣ್ಣದ ಕೋಷ್ಟಕ. ಆ ಕೋಷ್ಟಕಗಳ ಬಗ್ಗೆ ಕಚೇರಿಯವರು ತುಟಿ ಬಿಚ್ಚಿರಲಿಲ್ಲ. ಕೊನೆಯ ಪುಟದ ಒಂದು ಸಹಿಯ ಮೇಲೆ ಮಾತ್ರ ಕೆಂಪು ಗೆರೆ ಎಳೆದಿದ್ದರು.

'ಪೋಷಕ ಪ್ರತಿನಿಧಿಯ ಮನೆಯಲ್ಲಿ ಯಾರೂ ಶಾಲೆಯಿಂದ ಸಂಬಳ ಪಡೆಯುತ್ತಿರಬಾರದು. ಇಂದು ಸಂಜೆ ಐದರೊಳಗೆ ಸರಿಪಡಿಸಿ ಕಳುಹಿಸಿ.'

ಸಹಿ ಹಾಕಿದ್ದವನು ಲೈಲ್ ಎಂಬ ಪೋಷಕ. ಹೋದ ವರ್ಷವೂ ಅವನೇ ಹಾಕಿದ್ದ. ಆದರೆ ಜುಲೈನಲ್ಲಿ ಅವನು ಶಾಲೆಯ ಫುಟ್‌ಬಾಲ್ ತಂಡಕ್ಕೆ ಸಹಾಯಕ ಕೋಚ್ ಆಗಿದ್ದ.

"ಕೊನೇ ಪುಟ ಓದು ಅಂತ ನಾನ್ ಆವತ್ತೇ ಹೇಳ್ದೆ ಕಣೋ," ಎಂದಳು ಗುಮಾಸ್ತೆ ವೆರ್ನಾ. ಡ್ವೈಟ್ ಇದೇ ಶಾಲೆಯಲ್ಲಿ ಮೂಗು ಒರೆಸಿಕೊಳ್ಳುತ್ತಾ ಓಡಾಡುತ್ತಿದ್ದಾಗಲೂ ಅವಳೇ ಗುಮಾಸ್ತೆ. ಅವನು ಪ್ರಿನ್ಸಿಪಾಲನಾದ ಎಂಬ ಕಾರಣಕ್ಕೆ ಬಹುವಚನ ಹಚ್ಚುವ ಹೆಂಗಸಲ್ಲ.

"ನೀವೆಲ್ಲಿ ಹೇಳಿದ್ರಿ ವೆರ್ನಾ?"

"ಮನಸ್ಸಲ್ಲಿ ಹೇಳ್ಕೊಂಡೆ."

ಯೋಜನೆ ಒಪ್ಪಿಗೆಯಾಗದ ಸಣ್ಣ ಶಾಲೆಗಳನ್ನು ಪಕ್ಕದೂರಿನ ಶಾಲೆಗೆ ಸೇರಿಸುವ ಪಟ್ಟಿಯೊಂದು ರಾಜ್ಯದ ಕಚೇರಿಯಲ್ಲಿ ತಯಾರಾಗುತ್ತಿತ್ತು. ಪಕ್ಕದೂರು ಎಂದರೆ ಪಿಕಾರ್ಡ್. ಪಿಕಾರ್ಡ್ ತಂಡದೆದುರು ಒಂಬತ್ತು ವರ್ಷ ಸತತವಾಗಿ ಸೋತ ಎಲ್ಡರ್ ಫೋರ್ಕಿನ ಜನ ಮಕ್ಕಳನ್ನು ಮನೆಯಲ್ಲೇ ಕೂರಿಸಿಯಾರು, ಪಿಕಾರ್ಡಿಗೆ ಮಾತ್ರ ಕಳಿಸಲಾರರು.

ಐವತ್ತೆರಡು ಮಕ್ಕಳು, ಇಪ್ಪತ್ತೊಂಬತ್ತು ಮನೆಗಳು. ವೆರ್ನಾ ಪಟ್ಟಿ ತೆಗೆದು ಹೊಡೆದುಹಾಕುತ್ತಾ ಹೋದಳು. ಈ ಮನೆಯಲ್ಲಿ ಟೀಚರು, ಆ ಮನೆಯಲ್ಲಿ ನರ್ಸು, ಇನ್ನೊಂದರಲ್ಲಿ ಹುಲ್ಲು ಕತ್ತರಿಸುವವನು. ಸಂಬಳವಿಲ್ಲದ ಮನೆ ಸಿಕ್ಕಿತು ಎನ್ನುವಷ್ಟರಲ್ಲಿ ಆ ಮನೆಯ ಅಜ್ಜ ಶುಕ್ರವಾರದ ಪಂದ್ಯದಲ್ಲಿ ಸ್ಕೋರು ಬೋರ್ಡು ನಡೆಸಿ ಇಪ್ಪತ್ತು ಡಾಲರ್ ತೆಗೆದುಕೊಳ್ಳುವುದು ನೆನಪಾಗುತ್ತಿತ್ತು. ಅದೂ ಸಂಬಳವೇ!

"ಇಡೀ ಊರೇ ನಮ್ಮ ಶಾಲೆ ಅನ್ನ ತಿಂತಿದ್ಯಲ್ಲಪ್ಪಾ," ಎಂದು ಡ್ವೈಟ್ ತಲೆ ಹಿಡಿದುಕೊಂಡ.

"ನಮ್ಮನೆ ಮಕ್ಕಳಂತೂ ಇಲ್ಲೂ ಮನೇಲೂ ನಾನ್ ಮಾಡಿದ್ದನ್ನೇ ತಿನ್ನೋದು," ಎಂದು ಶಾಲೆಯ ಅಡುಗೆಯ ಡೊರೀನ್ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಕೈಯಲ್ಲಿ ದಾಲ್ಚಿನ್ನಿ ರೋಲುಗಳ ತಟ್ಟೆ. "ಹಳೇ ಕೋಳಿ ಫಾರಮ್ಮಿಗೆ ಹೊಸಬ್ರು ಬಂದಿದಾರಲ್ಲ, ಮಗೂನ ಇಲ್ಲಿಗೇ ಸೇರ್ಸಿ ಹದಿನೈದು ದಿನ ಆಯ್ತು. ಅವ್ರಿಗ್ ಯಾರು ಕೆಲಸ ಕೊಟ್ಟಿರ್ತಾರೆ? ಓಡು!"

ಡ್ವೈಟ್ ರೋಲು ಕಚ್ಚಿಕೊಂಡೇ ಕಾರು ಹತ್ತಿದ. ಮುಸುಕಿನ ಜೋಳದ ಹೊಲಗಳ ನಡುವೆ ಹನ್ನೊಂದು ಮೈಲಿ ಧೂಳೆಬ್ಬಿಸಿಕೊಂಡು ಹೋದರೆ, ಹೊಸಬ ನಗುನಗುತ್ತಾ ಕೈಕುಲುಕಿದ.

"ಸಹಿ ತಾನೇ? ಖಂಡಿತಾ ಹಾಕ್ತೀನಿ ಸಾರ್! ಇನ್ನೇನು, ನಾನೂ ನಿಮ್ಮವನೇ. ನಿನ್ನೆ ಪೆಟ್ರೋಲ್ ಬಂಕಲ್ಲಿ ಮಿಲ್ಟ್ ಅನ್ನೋರು ಸಿಕ್ಕಿ, ಶುಕ್ರವಾರ ಗೇಟಲ್ಲಿ ಟಿಕೆಟ್ ಹರಿಯೋ ಕೆಲಸ ಕೊಟ್ರು."

ಮಿಲ್ಟ್ ಎಂದರೆ ಶಾಲಾ ಮಂಡಳಿಯ ಅಧ್ಯಕ್ಷ. ಅವನನ್ನು ಬೈಯುವಷ್ಟು ಹೊತ್ತೂ ಡ್ವೈಟ್‌ಗೆ ಇರಲಿಲ್ಲ. ವಾಪಸ್ಸು ಬಂದಾಗ ಒಂದೂವರೆ. ಪಟ್ಟಿಯಲ್ಲಿ ಉಳಿದಿದ್ದದ್ದು ಒಂದೇ ಹೆಸರು. ವೆರ್ನಾ ಅದನ್ನು ಹೊಡೆದೂ ಇರಲಿಲ್ಲ, ಬಾಯಿಬಿಟ್ಟು ಹೇಳಿಯೂ ಇರಲಿಲ್ಲ.

"ಟ್ವೈಲಾ," ಎಂದ ಡ್ವೈಟ್.

"ದೇವ್ರು ಕಾಪಾಡ್ಲಿ," ಎಂದಳು ಡೊರೀನ್.

ಟ್ವೈಲಾ ಹನ್ನೊಂದು ವರ್ಷದಿಂದ ಮಂಡಳಿಯ ಒಂದು ಸಭೆಯನ್ನೂ ತಪ್ಪಿಸಿದವಳಲ್ಲ. ಸಾರ್ವಜನಿಕರಿಗೆ ಮಾತಾಡಲು ಮೂರೇ ನಿಮಿಷ ಎಂದಾಗ ಮನೆಯಿಂದ ಗಡಿಯಾರ ತಂದು, 'ನಿಮ್ಮ ಗಡಿಯಾರ ಮುಂದೆ ಓಡ್ತಾ ಇದೆ' ಎಂದು ತಕರಾರು ತೆಗೆದವಳು. ಡ್ವೈಟ್ ಹೋದಾಗ ಅವಳು ಜಗಲಿಯಲ್ಲಿ ಬೀನ್ಸ್ ಬಿಡಿಸುತ್ತಾ ಕೂತಿದ್ದಳು.

"ಇಲ್ಲೊಂದು ಸಹಿ ಬೇಕಿತ್ತು ಟ್ವೈಲಾ, ಅಷ್ಟೇ."

"ಓದ್ದೆ ನಾನ್ ಯಾವುದಕ್ಕೂ ಸಹಿ ಹಾಕಲ್ಲ," ಎಂದು ಅವಳು ಕನ್ನಡಕ ಏರಿಸಿದಳು.

ನಲವತ್ತಾರು ಪುಟಗಳನ್ನೂ ಓದಿದಳು! ಈ ಲೋಕದಲ್ಲಿ ಆ ಯೋಜನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಏಕೈಕ ಜೀವ ಅವಳೇ ಇರಬೇಕು. ಡ್ವೈಟ್ ಕೈಗಡಿಯಾರ ನೋಡುತ್ತಾ ಬೀನ್ಸ್ ಬಿಡಿಸಿದ. ಎರಡು ಬುಟ್ಟಿ ಮುಗಿಯಿತು.

"ಹತ್ತೊಂಬತ್ತನೇ ಪುಟದಲ್ಲಿ ಪಿಕಾರ್ಡ್ ಶಾಲೆ ಮಕ್ಕಳ ಓದು ಸುಧಾರಿಸ್ತೀವಿ ಅಂತಿದ್ಯಲ್ಲ?"

ಡ್ವೈಟ್‌ನ ಮುಖ ಬಿಳಿಚಿಕೊಂಡಿತು. "ಅದು... ಅವ್ರದ್ದು ಹೋದ ವರ್ಷ ಒಪ್ಪಿಗೆ ಆಗಿತ್ತು. ಸ್ವಲ್ಪ ನೋಡ್ಕೊಂಡ್ ಬರೆದೆ."

"ಊರವ್ರಿಗೆ ಹೇಳ್ಲಾ?"

"ನಿಮ್ಮ ಕಾಲಿಗೆ ಬೀಳ್ತೀನಿ ತಾಯಿ, ಬೇಡ. ಏನ್ ಬೇಕು ಕೇಳಿ."

ಟ್ವೈಲಾ ಪೆನ್ನು ಕೆಳಗಿಟ್ಟಳು. "ಏಪ್ರಿಲಿಂದ ನಮ್ಮ ರಸ್ತೆಗೆ ಬಸ್ಸಿಲ್ಲ. ಬಸ್ ಬಿಡಿ, ಸಹಿ ತಗೊಳ್ಳಿ."

"ಡ್ರೈವರ್ ಸಿಗ್ತಿಲ್ವಲ್ಲ! ಊರೂರು ಹುಡುಕ್ದೆ."

"ಯಾಕ್ ಸಿಗಲ್ಲ? ನಾನಿಲ್ವಾ? ನಮ್ಮಪ್ಪನ ಕಾಲದಿಂದ ಧಾನ್ಯದ ಲಾರಿ ಓಡಿಸ್ತೀನಿ. ಬಸ್ಸಿನ ಲೈಸೆನ್ಸೂ ಮಾಡಿಸಿಟ್ಟಿದೀನಿ. ಒಬ್ಬರಾದ್ರೂ ಬಂದು ಕೇಳಿದೀರಾ?"

ಡ್ವೈಟ್ ಕುರ್ಚಿಯಿಂದ ನೆಗೆದೆದ್ದ ರಭಸಕ್ಕೆ ಬೀನ್ಸ್ ಜಗಲಿ ತುಂಬ ಚೆಲ್ಲಾಡಿತು. ಸಹಿಗೆ ಸಹಿ, ಡ್ರೈವರಿಗೆ ಡ್ರೈವರು! ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ದಾರಿಯುದ್ದಕ್ಕೂ ಹಾರನ್ ಹೊಡೆಯುತ್ತಾ ಶಾಲೆಗೆ ಬಂದ. ಸುದ್ದಿ ತಿಳಿದು ಮಿಲ್ಟ್ ಕೂಡ ತನ್ನ ಗೊಬ್ಬರದಂಗಡಿಗೆ ಬೀಗ ಹಾಕಿ ಓಡಿಬಂದಿದ್ದ.

"ನೀನು ಗಂಡು ಕಣೋ ಡ್ವೈಟ್!" ಎಂದು ಬೆನ್ನು ತಟ್ಟಿ ಮಿಲ್ಟ್ ನೇಮಕದ ಕಾಗದಕ್ಕೆ ರುಜು ಹಾಕಿದ. ಟ್ವೈಲಾ ಅದಕ್ಕೂ ಸಹಿ ಹಾಕಿದಳು, ಯೋಜನೆಗೂ ಹಾಕಿದಳು. ವೆರ್ನಾ ನೇಮಕವನ್ನು ಕಂಪ್ಯೂಟರಿಗೆ ಏರಿಸಿದಳು. ಡೊರೀನ್ ಎಲ್ಲರಿಗೂ ಕಾಫಿ ಹಂಚಿದಳು. ನಾಲ್ಕು ಮೂವತ್ತೆಂಟಕ್ಕೆ ಡ್ವೈಟ್ ಯೋಜನೆಯನ್ನು ಕಳಿಸುವ ಗುಂಡಿ ಒತ್ತಿದ.

ಪರದೆ ಕೆಂಪಾಯಿತು. 'ಪೋಷಕ ಪ್ರತಿನಿಧಿಯ ಮನೆಯಲ್ಲಿ ಯಾರೂ ಶಾಲೆಯಿಂದ ಸಂಬಳ ಪಡೆಯುತ್ತಿರಬಾರದು.'

ಕಾಫಿ ಲೋಟಗಳು ಇದ್ದಲ್ಲೇ ನಿಂತವು. ಅಯ್ಯೋ ಗ್ರಹಚಾರವೇ! ಇದ್ದೊಬ್ಬ ಸಂಬಳವಿಲ್ಲದ ತಾಯಿಗೆ ಅವನೇ ಕೈಯಾರೆ ಸಂಬಳ ಕೊಟ್ಟಿದ್ದ.

"ಟ್ವೈಲಾ, ಒಂದ್ ಹತ್ತು ನಿಮಿಷ ಕೆಲಸ ಬಿಡ್ತೀರಾ?" ಎಂದ ಡ್ವೈಟ್.

"ನಿಯಮದ ಪುಸ್ತಕ ಓದಿದೀನಿ. ವಿಚಾರಣೆ ಇಲ್ದೆ ನನ್ನ ತೆಗೆಯೋ ಹಾಗಿಲ್ಲ. ಬಿಡೋದಂತೂ ಕನಸಿನ ಮಾತು."

"ಬೇರೆ ಯಾರಾದ್ರೂ ರಾಜೀನಾಮೆ ಕೊಡ್ಲಿ," ಎಂದ ಮಿಲ್ಟ್. "ಕೊಟ್ಟು, ಸಹಿ ಹಾಕಿ, ಆರು ಗಂಟೆಗೆ ವಾಪಸ್ ಸೇರ್ಕೊಂಡ್ರಾಯ್ತು. ಡೊರೀನ್?"

"ನಾಳೆ ಮಕ್ಕಳಿಗೆ ನೀನು ಬೇಯಿಸಿ ಹಾಕ್ತೀಯಾ? ಆಮೇಲೆ ಏನಾದ್ರೂ ಎಡವಟ್ಟಾದ್ರೆ?"

"ಸ್ಕೋರು ಬೋರ್ಡಿನ ಅಜ್ಜ?" ಎಂದ ಡ್ವೈಟ್.

"ಶುಕ್ರವಾರ ಪಿಕಾರ್ಡ್ ಮೇಲೆ ಪಂದ್ಯ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ಕೋಚ್ ಬೇಡ, ತಂಡ ಹಾಳಾಗುತ್ತದೆ. ಟೀಚರು ಬೇಡ, ತರಗತಿ ನಿಲ್ಲುತ್ತದೆ. ಗೇಟಿನವನು ಬೇಡ, ಟಿಕೆಟ್ ಹರಿಯುವವರಿಲ್ಲ. ನಾಲ್ಕು ಐವತ್ತಾಯಿತು. "ಒಂದು ದಿನ ಇಲ್ದೆ ಇದ್ರೂ ಏನೂ ನಿಲ್ಲದಂಥೋರು ಯಾರಾದ್ರೂ ಬೇಕಲ್ಲ," ಎಂದು ಮಿಲ್ಟ್ ಯೋಚಿಸುತ್ತಾ ನಿಂತ.

ಒಬ್ಬೊಬ್ಬರಾಗಿ ಎಲ್ಲರೂ ಡ್ವೈಟ್‌ನ ಕಡೆ ತಿರುಗಿದರು.

"ನಿನ್ನ ಮಗಳು ನಾಲ್ಕನೇ ಕ್ಲಾಸಲ್ವೇನೋ?" ಎಂದಳು ವೆರ್ನಾ ಮೆಲ್ಲಗೆ. "ನಿನ್ನ ಹೆಂಡ್ತಿ ಕಾರ್ಲಾ ಇರೋದು ಅಂಚೆ ಕಚೇರೀಲಿ. ಅದು ಶಾಲೆ ಸಂಬಳ ಅಲ್ಲ."

"ನಾನು ಪ್ರಿನ್ಸಿಪಾಲ್!"

"ನಿನ್ನ ಪ್ರಿನ್ಸಿಪಾಲ್ ಸಹಿ ಮೊದ್ಲೇ ಆಗಿದೆ. ಈಗ ಅಪ್ಪನ ಸಹಿ ಹಾಕು."

ಐವತ್ತೆರಡು ಮಕ್ಕಳು ಪಿಕಾರ್ಡಿನ ಬಸ್ಸು ಹತ್ತುವ ಚಿತ್ರ ಡ್ವೈಟ್‌ನ ಕಣ್ಣಿಗೆ ಕಟ್ಟಿತು. ಅವನಿಗೆ ಎಲ್ಲಿಲ್ಲದ ಆವೇಶ ಬಂತು. ಒಂದೇ ಗಂಟೆ ತಾನೇ! ಎರಡು ಸಾಲಿನ ರಾಜೀನಾಮೆ ಗೀಚಿದ, ಮಿಲ್ಟ್ ಅಂಗೀಕರಿಸಿದ, ವೆರ್ನಾ ಅವನ ಹೆಸರನ್ನು ಸಂಬಳದ ಪಟ್ಟಿಯಿಂದ ಅಳಿಸಿದಳು. ಡ್ವೈಟ್ ಪೋಷಕನಾಗಿ ಸಹಿ ಮಾಡಿದ. ನಾಲ್ಕು ಐವತ್ತೊಂಬತ್ತಕ್ಕೆ ಗುಂಡಿ ಒತ್ತಿದರು.

ಪರದೆ ಹಸಿರಾಯಿತು! ಡೊರೀನ್ ಕುಣಿದೇ ಬಿಟ್ಟಳು. ಟ್ವೈಲಾ ಶಿಳ್ಳೆ ಹೊಡೆದಳು. ಮಿಲ್ಟ್ ಡ್ವೈಟ್‌ನನ್ನು ಅನಾಮತ್ತಾಗಿ ಎತ್ತಿ ಒಂದು ಸುತ್ತು ತಿರುಗಿಸಿದ. ಆ ಗಲಾಟೆಯ ನಡುವೆ ವೆರ್ನಾ ಪರದೆಯ ಮೇಲಿದ್ದ ಪತ್ರವನ್ನು ಓದತೊಡಗಿದಳು.

"'ಅಭಿನಂದನೆಗಳು. ನಿಮ್ಮ ಯೋಜನೆ ಅಂಗೀಕಾರವಾಗಿದೆ. ಪೋಷಕ ಪ್ರತಿನಿಧಿಯು ಮುಂದಿನ ಜೂನ್ ಮೂವತ್ತರವರೆಗೆ ಶಾಲೆಯಿಂದ ಯಾವ ಸಂಬಳವನ್ನೂ ಪಡೆಯತಕ್ಕದ್ದಲ್ಲ. ಪಡೆದಲ್ಲಿ ಅಂಗೀಕಾರ ರದ್ದಾಗುವುದು.'"

ಮಿಲ್ಟ್ ಡ್ವೈಟ್‌ನನ್ನು ನಿಧಾನವಾಗಿ ಕೆಳಗಿಳಿಸಿದ.

"ಮಿಲ್ಟ್, ಆರು ಗಂಟೆಗೆ ವಾಪಸ್ ಅಂದ್ಯಲ್ಲ?" ಎಂದ ಡ್ವೈಟ್. ಮಿಲ್ಟ್ ತನ್ನ ಟೋಪಿಯನ್ನು ತೆಗೆದು ಅದರ ಒಳಗನ್ನು ಬಹಳ ಆಸ್ಥೆಯಿಂದ ನೋಡತೊಡಗಿದ.

"ಶಾಲೆ ಉಳೀತಲ್ಲ, ಅದು ಮುಖ್ಯ," ಎಂದಳು ಟ್ವೈಲಾ.

ವೆರ್ನಾ ಕೈ ಚಾಚಿದಳು. "ಬೀಗದ ಕೈ ಕೊಡು. ಹೊರಗೆ ನಡಿ."

"ಈಗ್ಲೇ ಯಾಕೆ ವೆರ್ನಾ?"

"ಐದು ಗಂಟೆ ಮೇಲೆ ಪೋಷಕರು ಆಫೀಸೊಳಗೆ ಇರೋ ಹಾಗಿಲ್ಲ. ಪುಟ ನಲವತ್ತೆರಡು. ನೀನೇ ಬರ್ದಿದ್ದು."