ಮೈದಾನದಲ್ಲಿ ಎರಡನೇ ಟೇಕ್ ಕೇಳಿದ ತಂಡದ ಪರವಾಗಿ

ಶಾಲಾ ರಗ್ಬಿ ತಂಡಗಳ ಸಾಕ್ಷ್ಯಚಿತ್ರ ಸರಣಿಯ ನಿರ್ದೇಶಕ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಕ್ಯಾಮೆರಾಗಳೂ, ನಮ್ಮ ನೆತ್ತಿಯ ಮೇಲೆ ಹದ್ದಿನಂತೆ ಸುತ್ತುವ ತಮ್ಮ ಡ್ರೋನೂ ಕ್ಷೇಮವೆಂದು ನಂಬಿ, ತಮ್ಮ ಹೊಸ ಕಂತಿಗೆ ಆಯ್ಕೆಯಾಗುವ ಪುಣ್ಯ ಪಡೆದ ತಂಡದ ತರಬೇತುದಾರನೂ ಉಳಿದ ಹೊತ್ತಿನಲ್ಲಿ ಭೂಗೋಳದ ಮೇಷ್ಟ್ರೂ ಆದ ನಾನು, ನಡು ಬಗ್ಗಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ತಾವು ಬರುವ ಮುಂಚೆ ನಮ್ಮದು ಯಾರ ಗೊಡವೆಯೂ ಇಲ್ಲದೆ ಸೋಲುತ್ತಿದ್ದ ತಂಡ. ನಮ್ಮ ಹೆಡ್‌ಮಿಸ್ಸು ಮಾತ್ರ ಒಂದು ದಿನ ನನ್ನನ್ನು ಕರೆದು, "ನೋಡಿ ಮೇಷ್ಟ್ರೇ, ಈ ವರ್ಷ ಒಂದೇ ಒಂದು ಪಂದ್ಯ ಗೆಲ್ಲಿ ಸಾಕು. ಇಲ್ಲಾಂದ್ರೆ ತಂಡಾನೂ ಬೇಡ, ಮೈದಾನಾನೂ ಬೇಡ, ಶಾಲೆ ಬಸ್ಸುಗಳನ್ನ ತಂದು ಅಲ್ಲೇ ನಿಲ್ಸ್ತೀನಿ" ಎಂದರು. ಆ ಮಾತು ಕೇಳಿ ನಮ್ಮ ಹೊಟ್ಟೆಗೆ ಬೆಂಕಿ ಬಿದ್ದರೆ, ಸುದ್ದಿ ಹೇಗೋ ಮುಟ್ಟಿ ತಮ್ಮ ಕಣ್ಣಿಗೆ ಬೆಳಕು ಬಿತ್ತು. ವಾರ ಕಳೆಯುವುದರೊಳಗೆ ತಾವು ಟ್ರೈಪಾಡು ಹೊತ್ತು ಗೇಟಿನಲ್ಲಿ ಪ್ರತ್ಯಕ್ಷರಾದಿರಿ.

ತಮ್ಮಿಂದ ನಾವು ಕಲಿತದ್ದು ಒಂದೆರಡಲ್ಲ. ವಿರಾಮದಲ್ಲಿ ಹುಡುಗರಿಗೆ "ನೀರು ಕುಡೀರಿ, ಚೆಂಡು ಬಿಡಬೇಡ್ರೋ" ಎಂದಷ್ಟೇ ಹೇಳುತ್ತಿದ್ದ ನಾನು ಈಗ ಮೊದಲು ಆಕಾಶ ನೋಡಿ, ಉಸಿರೆಳೆದು, ಬದುಕಿನ ಬಗ್ಗೆ ಮಾತಾಡುತ್ತೇನೆ. ಈ ಚಾಳಿ ಮನೆಗೂ ಬಂದು, "ಸಾರಿಗೆ ಉಪ್ಪು ಸಾಲ್ದು ಅನ್ನೋಕೂ ಕಿಟಕಿ ಕಡೆ ತಿರುಗ್ಬೇಕೇನ್ರೀ?" ಎಂದು ನನ್ನವಳು ಕೇಳುವಂತಾಗಿದೆ. ಹೆಗಲಿಗೆ ಹೆಗಲು ಕೊಟ್ಟು ಎದುರಾಳಿಗಳನ್ನು ತಳ್ಳಬೇಕಾದ ಸ್ಕ್ರಮ್ಮಿನಲ್ಲಿ ನಮ್ಮ ಹುಡುಗರು ಈಗ ಕಾಲರಿನ ಮೈಕಿಗೆ ನೋವಾಗದಂತೆ ತಳ್ಳುತ್ತಾರೆ. ಎಲ್ಲರೂ ಗೂಳಿ ಎಂದೇ ಕರೆಯುವ ನಮ್ಮ ನಾಯಕನ ಅಜ್ಜಿಯನ್ನೂ ತಾವು ಬಿಡಲಿಲ್ಲ. ಮೊಮ್ಮಗನ ಭವಿಷ್ಯ ನೆನೆದು ಕಿಟಕಿಯಿಂದ ದೂರಕ್ಕೆ ನೋಡಿ ಎಂದು ತಾವು ನಿಲ್ಲಿಸಿದಾಗ ಆ ಹಿರಿಯ ಜೀವ, "ಏನಪ್ಪಾ ನೋಡ್ಲಿ? ಪಕ್ಕದ ಮನೆ ನೀರಿನ ಟ್ಯಾಂಕು ಬಿಟ್ರೆ ಅಲ್ಲಿ ಇನ್ನೇನೈತೆ?" ಎಂದರೂ, ಅದೇ ಟ್ಯಾಂಕನ್ನು ಒದ್ದೆಗಣ್ಣಿನಿಂದ ನೋಡಿಸಿದ ತಮ್ಮ ಪ್ರತಿಭೆಗೆ ಶರಣು.

ಆದರೆ ಕಳೆದ ಪಂದ್ಯದ ಸಂಗತಿಯನ್ನು ಹೇಳದೆ ವಿಧಿಯಿಲ್ಲ. ಅಂದು ನಾವು, ಹೇಗೋ ಏನೋ, ಮುಂದಿದ್ದೆವು. ಗೂಳಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗಿದ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿ ಅಂಕ ಗಳಿಸುವುದೊಂದೇ ಬಾಕಿ, ಅಷ್ಟರಲ್ಲಿ ಚೆಂಡು ಜಾರಿತು. ಬೇರೆ ಯಾವ ತಂಡವಾದರೂ ಅದರ ಮೇಲೆ ಬೀಳುತ್ತಿತ್ತು. ನಮ್ಮ ನಾಯಕ ಎದ್ದು, ಮೊಣಕಾಲು ಒರೆಸಿಕೊಂಡು, ತಮ್ಮ ಕಡೆ ತಿರುಗಿ, "ಸಾರಿ ಸಾರ್, ಇನ್ನೊಂದ್ ಟೇಕ್" ಎಂದ. ಇಡೀ ತಂಡ ಶಿಸ್ತಿನಿಂದ ತಿರುಗಿ, ಮೊದಲು ಯಾರು ಎಲ್ಲಿದ್ದರೋ ಅಲ್ಲಿಗೇ ನಡೆದುಹೋಯಿತು. ತಂಡದಲ್ಲೇ ಸಣಕಲನಾದ ನಮ್ಮ ಕಡ್ಡಿಪೈಲ್ವಾನನಂತೂ ಕೆನ್ನೆಯಿಂದ ಉದುರಿದ ಕೆಸರನ್ನು ಹುಡುಕಿ, ಮುಂಚೆ ಇದ್ದ ಜಾಗಕ್ಕೇ ಮೆತ್ತಿಕೊಂಡ. ಸಿನಿಮಾದ ಗಂಧವೇ ಇಲ್ಲದ ಎದುರಾಳಿಗಳು ಅಷ್ಟರಲ್ಲಿ ಚೆಂಡೆತ್ತಿಕೊಂಡು ಆ ತುದಿಗೆ ಓಡಿ ಪಂದ್ಯ ಗೆದ್ದಿದ್ದರು. ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ತಾವು ಹತ್ತಿರ ಬಂದು, "ಹಾಗೇ ಇರಿ ಸಾರ್, ಬೆಳಕು ಚೆನ್ನಾಗಿದೆ" ಎಂದಿರಿ.

ಈಗ ಉಳಿದಿರುವುದು ಶನಿವಾರದ ಒಂದು ಪಂದ್ಯ. ಅದನ್ನೂ ಸೋತರೆ ಖಾಲಿ ಮೈದಾನಕ್ಕೆ ಬಸ್ಸುಗಳು ನುಗ್ಗುವ ದೃಶ್ಯದೊಂದಿಗೆ ಕಂತು ಮುಗಿಸಬಹುದೆಂದು ತಾವು ಬಸ್ಸಿನ ಡ್ರೈವರನಿಗೆ ಈಗಲೇ ರಿಹರ್ಸಲ್ ಮಾಡಿಸುತ್ತಿರುವುದನ್ನು ಸ್ಟಾಫ್‌ರೂಮಿನಿಂದ ಕಣ್ಣಾರೆ ಕಂಡೆ. ಆದ್ದರಿಂದ ನನ್ನ ಸಣ್ಣಪುಟ್ಟ ಕೋರಿಕೆಗಳನ್ನು ನಡೆಸಿಕೊಡಬೇಕು. ಗೂಳಿಯ ಹೊಟ್ಟೆಯೂ ಗಂಭೀರವಾಗಿ ಕಾಣುವಂತೆ ಮಾಡುವ ತಮ್ಮ ಆ ನಿಧಾನಗತಿಯ ಓಟವನ್ನು ಶನಿವಾರ ಮೈದಾನದಲ್ಲೇ, ಎದುರಾಳಿಗಳಿಗೆ ಮಾತ್ರ, ಅಳವಡಿಸಬೇಕು. ನಮ್ಮ ಹುಡುಗರು ಚೆಂಡು ಬಿಟ್ಟಲ್ಲೆಲ್ಲ ತಾವು ತಕ್ಷಣ ಕತ್ತರಿ ಹಾಕಿ, ಅದನ್ನು ರೆಫರಿಯೂ ಒಪ್ಪುವಂತೆ ಮಾಡಬೇಕು. ಇವು ಕಷ್ಟವೆನಿಸಿದರೆ, ಒಂದು ಸಂಜೆಯ ಮಟ್ಟಿಗೆ ತಾವು ಬೇರೆ ಎಲ್ಲಾದರೂ ದೂರಕ್ಕೆ ನೋಡುತ್ತ ನಿಂತರೂ ನಡೆದೀತು.

ತಮ್ಮ ವಿಶ್ವಾಸಿ,
ತಾವು ಪರದೆಯ ಮೇಲೆ 'ಸೋತ ಕನಸುಗಾರ' ಎಂದು ಹಾಕಿಸಿರುವ
ರಗ್ಬಿ ಮೇಷ್ಟ್ರು

ತಾ.ಕ.: ಪತ್ರ ಬರೆದು ಎರಡು ದಿನ ಕಳಿಸದೆ ಇಟ್ಟುಕೊಂಡಿದ್ದೆ, ಅಷ್ಟರಲ್ಲಿ ಪರಿಸ್ಥಿತಿ ಬದಲಾಯಿತು. ಎದುರಾಳಿ ಶಾಲೆಯವರಿಗೆ ಶನಿವಾರ ಅನುಕೂಲವಾಗದೆ ಪಂದ್ಯ ನಿನ್ನೆ ಸಂಜೆಯೇ ನಡೆದುಹೋಯಿತು. ತಮಗೆ ಹೇಳಿಕಳಿಸೋಣವೆಂದರೆ ತಾವು ಬಳಗ ಸಮೇತ ಗೂಳಿಯ ಮನೆಯಲ್ಲಿದ್ದಿರಿ. ಅಜ್ಜಿಯೇ, "ಇನ್ನೊಂದ್ ಸಲ ತಗೊಳ್ಳಪ್ಪಾ, ಈ ಸಲ ಸರಿಯಾಗಿ ದೂರ ನೋಡ್ತೀನಿ" ಎಂದು ಕತ್ತಲಾಗುವವರೆಗೂ ತಮ್ಮನ್ನು ಬಿಡಲಿಲ್ಲವಂತೆ. ಮೊಮ್ಮಗ ಮಧ್ಯಾಹ್ನವೇ ಅವರ ಕಿವಿಯಲ್ಲಿ ಏನೋ ಹೇಳಿ ಬಂದಿದ್ದ. ನಾವು ಗೆದ್ದೆವು. ತಮಗಾಗಿ ಅದನ್ನು ಮತ್ತೊಮ್ಮೆ ಆಡಿ ತೋರಿಸಲು ನಮ್ಮ ಹುಡುಗರು ಸಂತೋಷದಿಂದ ಸಿದ್ಧರಿದ್ದಾರೆ. ಇನ್ನೊಂದು ಸಲ ಸೋಲಲು ಎದುರಾಳಿಗಳನ್ನು ತಾವೇ ಒಪ್ಪಿಸಬೇಕು.