ಮೂರು ಪಾಲಾದ ಗ್ರಾಮಫೋನು

ಹುಣಸೂರಿನಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಮಿಕ್ಸಿ, ಫ್ಯಾನು, ಕುಕ್ಕರಿನ ಹಿಡಿ, ಏನು ತಂದರೂ ಇಲ್ಲ ಅನ್ನುವವನಲ್ಲ ನಾನು. ತಂದ ವಸ್ತು ಹೇಗೋ ಸರಿಹೋಗುತ್ತದೆ, ತಂದವರ ಪುರಾಣ ಮಾತ್ರ ಮುಗಿಯುವುದಿಲ್ಲ. ಹೋದ ವರ್ಷ ಬಂದ ಒಂದು ಗ್ರಾಮಫೋನಿನ ಕತೆಯಂತೂ ನೆನೆಸಿಕೊಂಡರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ ನನಗೆ.

ಪಂಚಾಯ್ತಿ ತೀರ್ಪು

ಬೆಟ್ಟದಪುರದ ಕಡೆಯ ಯಜಮಾನರೊಬ್ಬರು ಗೋಣಿತಾಟಿನಲ್ಲಿ ಸುತ್ತಿದ ಪೆಟ್ಟಿಗೆ ತಂದು ಟೇಬಲ್ ಮೇಲಿಟ್ಟರು. ಬಿಚ್ಚಿದೆ. ಅಯ್ಯಯ್ಯೋ, ಕೀ ಕೊಟ್ಟು ಹಾಡಿಸುವ ಗ್ರಾಮಫೋನು! ಇಂಥದ್ದೊಂದು ಕೈಗೆ ಸಿಗಲಿ ಅಂತ ನಾನು ಎಷ್ಟು ದೇವರಿಗೆ ಕೈಮುಗಿದಿದ್ದೆನೋ. ಆದರೆ ಇದ್ದದ್ದು ಬರೀ ಪೆಟ್ಟಿಗೆ.

"ಹಾರ್ನ್ ಎಲ್ಲಿ ಗೌಡ್ರೇ?"

"ತಮ್ಮನ ಪಾಲಿಗೆ ಓಯ್ತು."

"ಕೀ ಕೊಡೋ ಹ್ಯಾಂಡಲ್ಲು?"

"ತಂಗಿ ಪಾಲಿಗೆ."

ಮನೆ ಪಾಲಾದಾಗ ಜಮೀನು, ಹಸು, ಹಂಡೆ ಎಲ್ಲ ಹಂಚಿದ ಮೇಲೆ ಇದೊಂದು ಉಳಿಯಿತಂತೆ. ಒಬ್ಬರಿಗೆ ಕೊಟ್ಟರೆ ಇನ್ನಿಬ್ಬರು ಬಿಡುವುದಿಲ್ಲ. ಪಂಚಾಯ್ತಿಗೆ ಕೂತವರಿಗೆ ಊಟದ ಹೊತ್ತು ಮೀರುತ್ತಿತ್ತು. ಬಿಚ್ಚಿ ಮೂವರಿಗೂ ಕೊಟ್ಟು ಎದ್ದುಬಿಟ್ಟರು. ಅವತ್ತಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ, ಕತೆಯಿಲ್ಲ. ಈಗ ಅವ್ವ ಹಾಸಿಗೆ ಹಿಡಿದಿದ್ದಾರೆ. "ನಿಮ್ಮಪ್ಪ ಹಾಕ್ತಿದ್ದ ಪ್ಲೇಟು ಒಂದ್ಸಲ ಕೇಳುಸ್ರಲಾ" ಅಂತ ದಿನಾ ಅದೇ ಮಾತು.

"ಆ ತಮ್ಮನ ಮುಂದೆ ನಾನು ಬಾಯಿ ಬಿಡಾಕಿಲ್ಲ. ನೀವೇ ಓಗಿ ಕೇಳ್ಬುಡಿ" ಅಂದರು ಗೌಡರು.

"ಆಗಲಿ. ಹಾಡಿನ ಪ್ಲೇಟು ಯಾರ ಪಾಲು?"

"ಅದನ್ನೂ ಮೂರು ಮಾಡಕ್ಕೆ ನೋಡುದ್ರು ಕಣ್ರೀ. ಅವ್ವ ಪೊರಕೆ ತಗೊಂಡ್ಳು."

ಜೀವ ಇದೆ

ಮಾರನೇ ದಿನ ಪೆಟ್ಟಿಗೆ ಬಿಚ್ಚಲು ಕೂತೆ. ಮಿಕ್ಸಿಗೆಂದು ಬಂದಿದ್ದ ಮೇಷ್ಟ್ರೊಬ್ಬರು ಬಿಳಿ ಷರಟು ಹಾಕಿಕೊಂಡು ನನ್ನ ಭುಜದ ಮೇಲೆಯೇ ಬಗ್ಗಿ ನೋಡುತ್ತಿದ್ದರು.

"ಹಿಂದೆ ನಿಲ್ಲಿ ಸಾರ್, ಡಬ್ಬಿಯೊಳಗೆ ಸ್ಪ್ರಿಂಗ್ ಸುತ್ಕೊಂಡಿದೆ."

"ಅಜ್ಜನ ಕಾಲದ್ದು! ಅದರಲ್ಲೇನು ಜೀವ ಇರುತ್ತೆ ಬಿಡ್ರಿ."

ಡಬ್ಬಿಯ ಮುಚ್ಚಳ ಎಬ್ಬಿದೆ ನೋಡಿ, ಚಟಾರ್! ಸ್ಪ್ರಿಂಗು ಹೊರಗೆ ಹಾರಿ ಟೀ ಲೋಟ ಬೀಳಿಸಿ, ಗಟ್ಟಿಯಾಗಿದ್ದ ಕರೀ ಗ್ರೀಸನ್ನೆಲ್ಲ ಮೇಷ್ಟ್ರ ಎದೆಗೆ ಬಳಿಯಿತು. ಎತ್ತಿ ನೋಡಿದರೆ ತುದಿಯಷ್ಟೇ ಮುರಿದಿದೆ. ಅದನ್ನು ಕಾಯಿಸಿ ಹೊಸ ತೂತು ಹಾಕಿದರೆ ಮುಗೀತು! ಖುಷಿಗೆ ಕುಣಿದುಬಿಟ್ಟೆ. "ಜೀವ ಇದೆ ಸಾರ್, ಜೀವ ಇದೆ!"

ರಸ್ತೆಯ ಆ ಕಡೆಯಿಂದ ಮೇಷ್ಟ್ರು ಕೂಗಿದರು: "ನನಗೂ ಇದೆ ಕಣ್ರೀ! ಮಿಕ್ಸಿ ಮನೆಗೇ ಕಳಿಸ್ಬಿಡಿ!"

ರಾಗಿ ಸುರಿಯುವ ಹಾರ್ನು

ತಮ್ಮ ಇದ್ದದ್ದು ಹಾರನಹಳ್ಳಿಯ ಹತ್ತಿರ. ನಾನು ಹೋದಾಗ ಅವರ ಹೆಂಡತಿ ಹಿತ್ತಾಳೆ ಹಾರ್ನನ್ನು ಚೀಲದ ಬಾಯಿಗೆ ಸಿಕ್ಕಿಸಿ ರಾಗಿ ಸುರಿಯುತ್ತಿದ್ದರು.

"ಅಯ್ಯೋ ತಾಯಿ, ಅದರಲ್ಲಿ ಹಾಡು ಬರಬೇಕು!"

"ಹಾಡು ಕಟ್ಕೊಂಡು ಏನಾಗಬೇಕಣ್ಣ? ರಾಗಿ ಯಾತರಲ್ಲಿ ಸುರೀಲಿ?"

ಸಂತೆಗೆ ಹೋಗಿ ದೊಡ್ಡ ಪ್ಲಾಸ್ಟಿಕ್ ಲಾಳಿಕೆ ತಂದುಕೊಟ್ಟ ಮೇಲೆ ಒಪ್ಪಿದರು. ತಮ್ಮನವರು ಮಾತ್ರ ಹಾರ್ನನ್ನು ಕಂಕುಳಿಂದ ಬಿಡಲಿಲ್ಲ. "ಅವ್ವ ಕೇಳವ್ಳೆ, ಇಲ್ಲ ಅನ್ನಾಕಿಲ್ಲ. ಆದ್ರೆ ನನ್ನ ಪಾಲು ಓದ ಕಡೆ ನಾನೂ ಬತ್ತೀನಿ."

"ಬನ್ನಿ, ಒಳ್ಳೇದೇ ಆಯ್ತು. ಅಣ್ಣನ್ನ ಮಾತಾಡಿಸಿದ ಹಾಗೂ ಆಯ್ತು."

"ಮಾತಾಡಕ್ಕಲ್ಲ ಕಣ್ರೀ. ಹಾರ್ನ್ ಕಾಯಕ್ಕೆ!"

ಹೊಸ ಪೂಜಾರಿ

ಇನ್ನು ಹ್ಯಾಂಡಲ್ಲು. ತಂಗಿಯನ್ನು ಕೊಟ್ಟದ್ದು ಚುಂಚನಕಟ್ಟೆ ಕಡೆಗೆ. ಆಯಮ್ಮ ಅದನ್ನು ದೇವರ ಗೂಡಿನಲ್ಲಿಟ್ಟು ದಿನಾ ಕುಂಕುಮ ಹಚ್ಚುತ್ತಿದ್ದರು. "ಅಪ್ಪನ ಕೈ ಆಡಿದ್ದು ಕಣಣ್ಣ" ಅನ್ನುವಾಗ ಕಣ್ಣು ತುಂಬಿಕೊಂಡಿತು. ನಾನು ಹ್ಯಾಂಡಲ್ಲಿಗೆ ಕೈ ಚಾಚಿದೆ.

"ಏಯ್, ಮುಟ್ಟಬೇಡಿ! ಸ್ನಾನ ಮಾಡಿದ್ದೀರಾ?"

"ಬೆಳಗ್ಗೇನೇ ಮಾಡಿದ್ದೀನಮ್ಮ."

"ಬಸ್ಸಲ್ಲಿ ಬಂದ್ರಲ್ಲ, ಆ ಸ್ನಾನ ಅಲ್ಲಿಗೇ ಓಯ್ತು."

ನಾಲೆಯಲ್ಲಿ ಮುಳುಗೆದ್ದು, ಅವರ ಯಜಮಾನರ ಪಂಚೆ ಉಟ್ಟು ಬಂದೆ. ಕೈಗೆ ಕರ್ಪೂರದ ತಟ್ಟೆ ಕೊಟ್ಟರು. ಹ್ಯಾಂಡಲ್ಲಿಗೆ ಮಂಗಳಾರತಿ ಎತ್ತುತ್ತಿದ್ದಾಗ ಗದ್ದೆಯಿಂದ ಯಜಮಾನರು ಬಂದರು. ಬರಿಮೈಯಲ್ಲಿ ತಮ್ಮದೇ ಪಂಚೆ ಉಟ್ಟು ನಿಂತವನನ್ನು ಕಂಡು ಬೆಚ್ಚಿಬಿದ್ದರು.

"ಇದ್ಯಾರಮ್ಮಿ, ಹೊಸ ಪೂಜಾರಿ?"

"ಗ್ರಾಮಫೋನ್ ರಿಪೇರಿಯವ್ರು" ಅಂದರು ಆಯಮ್ಮ.

ಮನುಷ್ಯ ತಕ್ಷಣ ಕೈಮುಗಿದ: "ನಮ್ಮ ಪಂಪ್‌ಸೆಟ್ಟೂ ಕೆಟ್ಟದೆ ಸ್ವಾಮಿ. ಅಂಗೇ ಬಂದು ಅದಕ್ಕೂ ಒಂದು ಮಂಗಳಾರತಿ ಎತ್ಬುಡಿ."

ಅವ್ವನ ಆಸೆ

ಆಯಮ್ಮನೂ ತನ್ನ ಪಾಲಿನ ಜೊತೆಯೇ ಹೊರಟು ಬಂದರು. ಅಂತೂ ಒಂದು ಭಾನುವಾರ ಗೌಡರ ಮನೆಯಲ್ಲಿ ಮೂರು ಪಾಲೂ, ಮೂವರು ಪಾಲುದಾರರೂ ಸೇರಿದರು. ಮಂಚದ ಮೇಲೆ ಅವ್ವ, ಗೋಡೆಗೆ ದಿಂಬು ಒರಗಿಸಿ ಕೂರಿಸಿದ್ದರು. ಹಾಡದೇ ಹೋದರೆ ಈ ಮುದುಕಿಗೆ ಏನು ಹೇಳಲಿ?

ಹಾರ್ನ್ ಸಿಕ್ಕಿಸಿದೆ, ಹೊಸ ಮುಳ್ಳು ಹಾಕಿದೆ. ಅವ್ವನ ಪ್ಲೇಟು ಇಟ್ಟೆ. ಆಯಮ್ಮ ಕೀ ಕೊಟ್ಟರು. ಮುಳ್ಳು ಇಳಿಸಿದೆ. ಖರ್ ಖರ್ ಅಂದಿತು, ಆಮೇಲೆ ಬಂತು ನೋಡಿ, ಹೆಂಗಸಿನ ದನಿ! "ಬಂತು, ಬಂತು!" ಅಂತ ಕಿರುಚಿದೆ. ಎಲ್ಲರ ಕಣ್ಣಲ್ಲೂ ನೀರು.

ಅಷ್ಟರಲ್ಲಿ ಕೀ ಇಳಿದು, ಪ್ಲೇಟು ನಿಧಾನವಾಗಿ, ಹೆಂಗಸಿನ ದನಿ ಗಂಡಸಿನದ್ದಾಯಿತು. ಗೌಡರು ತಾವೇ ಹ್ಯಾಂಡಲ್ ಹಿಡಿದು ಗರಗರ ಸುತ್ತಿದರು.

ತಮ್ಮ ನನ್ನ ಕಡೆ ನೋಡುತ್ತಾ ಅಂದರು: "ಮೆಲ್ಲಗೆ ಸುತ್ತಕ್ಕೆ ಏಳ್ರೀ ಅವ್ರಿಗೆ."

"ನಂಗೆ ಗೊತ್ತು ಅಂತ ಏಳ್ರೀ ಅವ್ರಿಗೆ" ಅಂದರು ಗೌಡರು.

ತಮ್ಮ ಈಗ ನನ್ನನ್ನು ಬಿಟ್ಟು ಅಣ್ಣನ ಕಡೆಗೇ ತಿರುಗಿದರು: "ಅಪ್ಪ ಇಂಗೆ ಸುತ್ತುತಿರ್ಲಿಲ್ಲ ಕಣಣ್ಣ! ಕಿತ್ತೋಯ್ತದೆ!"

"ನೀನೇನ್ಲಾ ಕಂಡಿದ್ದೆ? ಅವಾಗ ಚಡ್ಡಿ ಆಕ್ಕೊಳ್ಳಕ್ಕೆ ಬತ್ತಿರ್ಲಿಲ್ಲ ನಿಂಗೆ!"

"ಇಬ್ರೂ ಬುಡ್ರಲಾ, ಅದು ನನ್ನ ಪಾಲು!" ಅಂತ ತಂಗಿಯೂ ನುಗ್ಗಿದರು. ಸ್ಪ್ರಿಂಗಿಗೆ ಕೀ ಭರ್ತಿಯಾಗಿ ಹಾಡು ಜೋರಾಯಿತು, ಇವರು ಅದಕ್ಕಿಂತ ಜೋರಾದರು. ನನ್ನ ಶ್ರಮವೆಲ್ಲ ಹೊಳೆಗೆ ಹೋಯಿತಲ್ಲಪ್ಪ ಅಂತ ತಲೆ ಮೇಲೆ ಕೈಹೊತ್ತೆ.

ಅವ್ವ ಬೆರಳಾಡಿಸಿ ನನ್ನನ್ನು ಹತ್ತಿರ ಕರೆದರು. ಮುಖ ಅರಳಿತ್ತು. ಬಗ್ಗಿ ಕಿವಿಗೊಟ್ಟೆ.

"ಮಗಾ, ಆ ಆಡು ಒಸಿ ನಿಲ್ಸು. ನನ್ನ ಮಕ್ಳು ಜಗಳ ಆಡ್ತಾವ್ರೆ, ಒಂದು ಮಾತೂ ಕೇಳುಸ್ತಿಲ್ಲ."